ಪೆರ್ಲಿತಾಳ ಕೊನೆಯ ಎರಡು ಕುಣಿತ

ಪೆರ್ಲಿತಾ ಮಕರಾಯೆಗ್ ನಮ್ಮೂರು ಮರಿಕಿನಾದ ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗೆ ಗೋಂದು ಹಚ್ಚುತ್ತಿದ್ದವಳು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆಂದು ಕಲಿತ ಕುಣಿತ ಅವಳನ್ನು ಬಿಡಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ನದಿ ಪಕ್ಕದ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಬೆಳಗಿನ ಹೊತ್ತು ನಮ್ಮಂಥ ಹೆಂಗಸರಿಗೆ ಕಲಿಸತೊಡಗಿದಳು. ನಾನೂ ಅವಳ ಶಿಷ್ಯೆಯೇ.

ಒಂದು ವರ್ಷ ಟೀವಿಯವರು ತಾರೆಯರ ನೃತ್ಯ ಸ್ಪರ್ಧೆಗೆ, ತಾರೆಗೆ ಕಲಿಸಿ ಜೊತೆಗೆ ಕುಣಿಯಲೆಂದು ಅವಳನ್ನು ಕರೆದು, ನಿವೃತ್ತ ಬಾಕ್ಸರ್ ಕ್ರಿಸಾಂತೊ ದುಮ್ಲಾವೊಗೆ ಜೋಡಿ ಮಾಡಿದರು. ಒಂದು ಶೈಲಿಯನ್ನು ಒಮ್ಮೆ ಮಾತ್ರ ಕುಣಿಯಬಹುದೆಂಬ ನಿಯಮ. ಹೇಗೋ ಉಪಾಂತ್ಯಕ್ಕೆ ಬಂದಾಗ ಅವರಿಗೆ ಉಳಿದಿದ್ದು ಎರಡೇ: ಮೆಲ್ಲಗೆ ತೇಲುವ ವಾಲ್ಟ್ಸ್, ಗೂಳಿಕಾಳಗದ ಗತ್ತಿನ ಪಾಸೋ. ಪಾಸೋ ಕ್ರಿಸಾಂತೊಗೆ ನೀರು ಕುಡಿದಷ್ಟು ಸಲೀಸು.

"ಅದನ್ನ ಫೈನಲ್‌ಗೆ ಇಟ್ಕೊಳ್ಳೇ," ಎಂದ ಅವಳ ಗಂಡ ರುಪೆರ್ತೊ. "ಹಬ್ಬದ ಊಟಕ್ಕೆ ಮೊದಲೇ ಯಾರಾದ್ರೂ ಸುಟ್ಟ ಹಂದೀನ ಖಾಲಿ ಮಾಡ್ತಾರಾ?"

"ಈಗಲೇ ಸೋತ್ರೆ ಹಂದಿ ಯಾರಿಗೆ ಬಡಿಸೋದು?" ಎಂದೆ ನಾನು.

ಟೀವಿಯ ತುವಾಸೋನ್ ಮೇಡಂ ಪೆರ್ಲಿತಾಗೆ ಫೋನ್ ಮಾಡಿ, "ವಾಲ್ಟ್ಸ್‌ಗೆ ಜನ ಅಳ್ತಾರೆ. ಅತ್ತವರು ವೋಟು ಹಾಕ್ತಾರೆ," ಅಂದರು. ಯಾವ ಸುತ್ತಿನಲ್ಲಿ ಎಂದು ಅವಳು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಪೆರ್ಲಿತಾ ಉಪಾಂತ್ಯಕ್ಕೆ ವಾಲ್ಟ್ಸ್ ಎಂದು ತೀರ್ಮಾನಿಸಿದಳು. ಆದರೆ ಅಭ್ಯಾಸದಲ್ಲಿ ಅವಳು ಹತ್ತಿರ ಬಂದ ಕೂಡಲೇ ಕ್ರಿಸಾಂತೊನ ಭುಜ ಕಲ್ಲಾಗುತ್ತಿತ್ತು.

"ಏನಾಗತ್ತೆ ನಿಂಗೆ?"

"ಅಕ್ಕಾ, ಇಷ್ಟು ಹತ್ತಿರ ಬಂದೋರನ್ನೆಲ್ಲ ನಾನು ಹೊಡೆದೇ ಗೊತ್ತು. ಕೈ ಏನು ಮಾಡ್ಬೇಕು ಅಂತ ತಿಳಿಯಲ್ಲ."

ಅವಳು ಮನಸ್ಸು ಬದಲಿಸಿ ಪಾಸೋ ಎಂದಳು. ಮನೆಗೆ ಬಂದವಳು ಪನ್ಸಿತ್ ಶ್ಯಾವಿಗೆಗೆ ಎರಡು ಸಲ ಉಪ್ಪು ಹಾಕಿದಳು.

ಉಪಾಂತ್ಯದಲ್ಲಿ ಕ್ರಿಸಾಂತೊನ ಒಂದು ಹೆಜ್ಜೆಯೂ ತಪ್ಪಲಿಲ್ಲ. ತೀರ್ಪುಗಾರರೋ ಮೂಗು ಮುರಿದರು: "ಇದು ಬಾಕ್ಸಿಂಗ್. ಕುಣಿತ ಎಲ್ಲಿದೆ?" ಅಂಕದಲ್ಲಿ ಇವರೇ ಕೊನೆ. ಜನರ ವೋಟು ಮಾತ್ರ ಫೈನಲ್‌ಗೆ ದಾಟಿಸಿತು. ಪೆರ್ಲಿತಾ ಖುಷಿಪಡಬೇಕೋ ಅಳಬೇಕೋ ತಿಳಿಯದೆ ಕೈ ಮುಗಿದು ನಿಂತಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು.

ಫೈನಲ್‌ನ ವಾಲ್ಟ್ಸ್ ನಡುವೆ ಕ್ರಿಸಾಂತೊ ಅವಳ ಲಂಗದ ಅಂಚು ತುಳಿದ. ಇಬ್ಬರೂ ನಿಂತುಬಿಟ್ಟರು. ಸಂಗೀತ ಸಾಗುತ್ತಲೇ ಇತ್ತು. ಅವನು ದಾರಿ ತಪ್ಪಿದವನಂತೆ ಅವಳ ಭುಜಕ್ಕೆ ಹಣೆ ಒರಗಿಸಿದ. ಅವಳು ಬೆನ್ನು ತಟ್ಟಿ, ಹೇಗೋ ಮತ್ತೆ ಹೆಜ್ಜೆ ಎತ್ತಿಸಿದಳು. ತೀರ್ಪುಗಾರರು ಎದ್ದು ನಿಂತರು. "ಆ ನಿಲುಗಡೆ! ಎಂಥ ಕಲ್ಪನೆ!" ಪೂರ್ತಿ ಅಂಕ. ಆದರೆ ಈ ಸಲ ವೋಟು ಕೈಕೊಟ್ಟಿತು. ಸೋಪಿನ ಜಾಹೀರಾತಿನ ಹುಡುಗಿಯೊಬ್ಬಳು ಗೆದ್ದಳು, ಇವರು ಎರಡನೆಯವರು.

"ನಾನು ಹೇಳಿದ್ದೆ ತಾನೆ?" ಎಂದ ರುಪೆರ್ತೊ.

"ನೀನು ಹೇಳಿದ ಹಾಗೆ ಮಾಡಿದ್ರೆ ಫೈನಲ್ ನೋಡ್ತಿದ್ವಾ? ಅಥವಾ ಗೆಲ್ತಿದ್ವಾ? ನಂಗೊಂದೂ ತಿಳೀತಿಲ್ಲ ಕಣೋ. ಸರಿಯಾಗಿ ಕುಣಿದಿದ್ದಕ್ಕೆ ಬೈದ್ರು, ಎಡವಿದ್ದಕ್ಕೆ ಚಪ್ಪಾಳೆ ತಟ್ಟಿದ್ರು," ಎಂದಳು ಪೆರ್ಲಿತಾ.

ಮುಂದಿನ ವಾರ ಕ್ರಿಸಾಂತೊ ನಮ್ಮ ಅಂಗಳಕ್ಕೇ ಬಂದು ಹೆಂಗಸರ ಸಾಲಿನ ಹಿಂದೆ ನಿಂತ.

"ಎಲ್ಲ ಮುಗೀತಲ್ಲಪ್ಪಾ, ಇನ್ನೇನು?" ಎಂದಳು ಪೆರ್ಲಿತಾ.

"ವಾಲ್ಟ್ಸ್ ಕಲಿಸಿ ಅಕ್ಕಾ. ತಪ್ಪಿಗೇ ಪೂರ್ತಿ ಅಂಕ ಬಂತು. ಸರಿಯಾಗಿ ಕುಣಿದ್ರೆ ಹೇಗಿರತ್ತೆ ಅಂತ ನೋಡ್ಬೇಕು."

ಅವಳು ನನ್ನನ್ನು ಮುಂದಕ್ಕೆ ತಳ್ಳಿ, "ಮೊದಲು ಇವಳ ಕೈ ಹಿಡಿ," ಎಂದಳು. "ಹೊಡೀಬೇಡ."