ಪಡುವಣ ತೋಟದ ಹೊಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಸಂಜೆಯ ಹೊಗೆಗೆ ಕಾರಣ ನಾನು. ಬೆಂಕಿ ಹಚ್ಚಿದ ಕೈ ನನ್ನದಲ್ಲ, ಒಣಮಟ್ಟೆ ಒಟ್ಟಿದವನೂ ನಾನಲ್ಲ. ಆದರೆ ನನ್ನ ಬಾಯಿ ಸುಮ್ಮನಿದ್ದಿದ್ದರೆ ಆ ಬೆಂಕಿ ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಹೊಗೆಯಾಡುತ್ತಿರಲಿಲ್ಲ.

ನನ್ನ ಬಾಯಿಯ ಮೇಲೆ ಹೊನ್ನವಳ್ಳಿಯ ಶಾಲೆಯಿಂದಲೇ ದೂರುಗಳಿವೆ. ಹೆಡ್ ಮೇಷ್ಟ್ರ ದನಿಯಲ್ಲಿ "ಎಲ್ರೂ ಮನೆಗೆ ಹೋಗ್ರಪ್ಪಾ" ಎಂದು ಕಿಟಕಿಯಾಚೆಯಿಂದ ಕೂಗಿ, ಮಧ್ಯಾಹ್ನಕ್ಕೇ ಎರಡು ತರಗತಿ ಖಾಲಿ ಮಾಡಿಸಿದವನು ನಾನು. ಬಸ್ ಕಂಡಕ್ಟರು, ತಿಪಟೂರಿನ ಕೊಬ್ಬರಿ ಮಂಡಿಯ ದಲಾಲರು, ಮೂಗಿನಲ್ಲೇ ಮಾತಾಡುವ ನಮ್ಮ ಸೋದರಮಾವ, ಯಾರ ಗಂಟಲನ್ನೂ ಬಿಟ್ಟವನಲ್ಲ. ನನ್ನ ಸ್ವಂತ ಗಂಟಲನ್ನು ಮಾತ್ರ ಹೊಸ ಸ್ಟೀಲ್ ಪಾತ್ರೆಯ ಹಾಗೆ ಅಟ್ಟದ ಮೇಲೆ ಇಟ್ಟುಬಿಟ್ಟಿದ್ದೆ.

ಇಂಥವನಿಗೆ ಸಿಕ್ಕಿದ ಕೆಲಸ ನೋಡಿ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆ ಹೋಗುವಾಗ ಸಿಗುವ ಒಣಗುಡ್ಡವೊಂದರ ಮೇಲೆ ಟೆಲಿಸ್ಕೋಪು ನಡೆಸುವುದು. ಐದು ಸಂಸ್ಥೆಗಳು ಸೇರಿ ಕಟ್ಟಿಸಿದ್ದು. ತೋಟಕ್ಕೆ ನೀರು ಬಿಡುವ ಪಾಳಿ ಇದ್ದಂತೆ ಅವುಗಳಿಗೂ ಪಾಳಿ. ಪಾಳಿ ಬಂದ ವಿಜ್ಞಾನಿಗಳು ತಮ್ಮ ಊರಲ್ಲೇ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಗುಡ್ಡದ ಮೇಲೆ ಗುಮ್ಮಟ ತೆರೆಯುವವನು, ಕ್ಯಾಮೆರಾ ತಣ್ಣಗಿರಲೆಂದು ಅದಕ್ಕೆ ಹೊಗೆಯಾಡುವ ದ್ರವ ಸಾರಜನಕ ಹೊಯ್ಯುವವನು, ನಕ್ಷತ್ರದ ಬೆಳಕನ್ನು ಎಳೆಎಳೆಯಾಗಿ ಬಿಡಿಸುವ ಸ್ಪೆಕ್ಟ್ರೋಗ್ರಾಫಿನ ಸೀಳುಗಂಡಿಗೆ ನಕ್ಷತ್ರವನ್ನು ತಂದು ಕೂರಿಸುವವನು, ಎಲ್ಲ ನಾನೊಬ್ಬನೇ. ಅವರ ದನಿಗಳು ಸ್ಪೀಕರಿನಲ್ಲಿ ಬರುತ್ತವೆ: "ಫೋಕಸ್ ನೋಡಿ", "ಮುಗೀತಾ?", "ಮುಂದಿನದು ಹಾಕಿ". ಆಮೇಲೆ ಟಿಕ್ ಎಂದು ಲೈನ್ ಕಡಿಯುತ್ತದೆ. ಹಸುವಿಗೆ ಹುಲ್ಲು ಹಾಕುವಾಗಲೂ ಇದಕ್ಕಿಂತ ಹೆಚ್ಚು ಮಾತಾಡಿಸುತ್ತಾರೆ.

ಅದಕ್ಕೇ ಗುಮ್ಮಟದೊಳಗೆ ನಾನೇ ಐದೂ ಸಂಸ್ಥೆಗಳಾಗುತ್ತಿದ್ದೆ. ಒಬ್ಬರ ಕೆಮ್ಮು, ಇನ್ನೊಬ್ಬರ "ಆಕ್ಚುಯಲೀ", ಮತ್ತೊಬ್ಬರ ನಿಟ್ಟುಸಿರು. ಅವರವರಲ್ಲೇ ಜಗಳ ಹಚ್ಚಿ, ರಾಜಿ ಮಾಡಿಸಿ, ಕಾಫಿಗೆ ಕರೆಯುತ್ತಿದ್ದೆ. ಗುಮ್ಮಟ ಎಲ್ಲರ ದನಿಯನ್ನೂ ಒಂದು ಸುತ್ತು ತಿರುಗಿಸಿ ವಾಪಸು ಕೊಡುತ್ತಿತ್ತು. ಕಾಫಿ ಮಾತ್ರ ಒಂದೇ ಲೋಟ.

ಗುಡ್ಡದ ಪಡುವಣ ಬುಡದಲ್ಲಿ ಒಂದು ತೆಂಗಿನ ತೋಟ. ಅದರ ಒಡತಿಯನ್ನು ನಾನು ಅಮ್ಮ ಎನ್ನುತ್ತಿದ್ದೆ. ಐವತ್ತು ದಾಟಿದ, ಕಾಯಿ ಕೀಳುವವರನ್ನೂ ಸುಲಿಯುವವರನ್ನೂ ಒಂದೇ ಗದರಿಕೆಯಲ್ಲಿ ಓಡಾಡಿಸುವ ಹೆಂಗಸು. ಸಂಜೆಯಾದರೆ ದನಗಳಿಗೆ ಸೊಳ್ಳೆ ಕಾಟ ಎಂದು ಕೊಟ್ಟಿಗೆ ಮುಂದೆ ಸುಲಿದ ಕಾಯಿಯ ಮಟ್ಟೆ ಗುಡ್ಡೆ ಹಾಕಿ ಹೊಗೆ ಹಾಕಿಸುತ್ತಿದ್ದರು. ಪಡುವಣ ಆಕಾಶದಲ್ಲಿ ಕೆಳಗಿರುವ ಏನನ್ನಾದರೂ ನೋಡಬೇಕಾದಾಗ ನಮ್ಮ ವೀಕ್ಷಣಾಲಯದ ಮುಖ್ಯಸ್ಥರು ತಾವೇ ತೋಟಕ್ಕೆ ಇಳಿದು ಹೋಗಿ, ಜಗಲಿಯ ಮೇಲೆ ಕೂತು, ಎಳನೀರು ಕುಡಿದು, "ಅಮ್ಮಾವ್ರೇ, ಈ ಮೂರು ಸಂಜೆ ಹೊಗೆ ಹಿತ್ತಿಲ ಕಡೆ ಹಾಕಿಸ್ತೀರಾ?" ಎಂದು ಕೇಳಿ ಬರುತ್ತಿದ್ದರು. ಹಿತ್ತಿಲು ದಿಬ್ಬದ ಮರೆ. ಅಲ್ಲಿನ ಹೊಗೆ ನಮ್ಮ ನೋಟಕ್ಕೆ ಅಡ್ಡ ಬರುವುದಿಲ್ಲ. ಅಮ್ಮ ಒಮ್ಮೆಯೂ ಆಗಲ್ಲ ಎಂದವರಲ್ಲ.

ಒಂದು ದಿನ ಮಾತಾಡಲು ಯಾರೂ ಇಲ್ಲದೆ, ಮುಖ್ಯಸ್ಥರ ದನಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾವ್ರೇ, ನಿಮ್ಮ ಹುಂಜದಿಂದ ನಮ್ಮ ನಕ್ಷತ್ರಗಳಿಗೆ ನಿದ್ದೆ ಇಲ್ಲ."

"ಅಯ್ಯೋ ಸ್ವಾಮಿ, ಅದ್ಕೇನ್ ಮಾಡ್ಲಿ?" ಎಂದವರು ಅರೆಗಳಿಗೆ ಬಿಟ್ಟು, "ಲೇ, ನೀನು ಗುಡ್ಡದ್ ಮ್ಯಾಗಿನ್ ಹುಡ್ಗ ಅಲ್ವೇನ್ಲಾ?" ಎಂದು ಗಹಗಹಿಸಿ ನಕ್ಕರು. ಆಮೇಲೆ ವಾರಕ್ಕೊಮ್ಮೆ ಅದೇ ಆಟ. ಫೋನ್ ಇಡುವ ಮುಂಚೆ ಅವರು, "ಉಂಡ್ಯೇನ್ಲಾ ಸಾಹೇಬಾ?" ಎಂದು ಕೇಳುತ್ತಿದ್ದರು. ಆ ಮಾತಿಗಾಗಿಯೇ ಫೋನ್ ಮಾಡುತ್ತಿದ್ದೆನೋ ಏನೋ. ಆಗ ಹಾಗೆ ಅನ್ನಿಸಿರಲಿಲ್ಲ.

ಈ ವರ್ಷ ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ ಮೂರು ಸಂಜೆಯ ಪಾಳಿ ಸಿಕ್ಕಿತ್ತು. ಅವಳ ನಕ್ಷತ್ರ ಇದ್ದಕ್ಕಿದ್ದಂತೆ ಭಗ್ಗೆಂದು ಹೊತ್ತಿಕೊಂಡು, ಈಗ ದಿನೇ ದಿನೇ ಆರುತ್ತಾ ಬಂದದ್ದು. ಅದು ಹೇಗೆ ಆರುತ್ತದೆ ಎಂಬುದೇ ಅವಳ ಪ್ರಬಂಧ. ಸೂರ್ಯ ಮುಳುಗಿದ ಮೇಲೆ ಮುಕ್ಕಾಲು ಗಂಟೆ, ತೆಂಗಿನ ತಲೆಗಳ ಮೇಲೆ ಒಂದು ಗೇಣು ಎತ್ತರದಲ್ಲಿ ಕಾಣುತ್ತಿತ್ತು. ನಾಲ್ಕನೇ ದಿನ ಬೇರೆಯವರ ಪಾಳಿ. ಅವರು ಬಿಟ್ಟುಕೊಟ್ಟರೂ ಸೂರ್ಯ ಬಿಟ್ಟುಕೊಡುವುದಿಲ್ಲ. ನಕ್ಷತ್ರ ಅವನ ಬೆಳಕಿನೊಳಗೆ ಸೇರಿಬಿಡುತ್ತದೆ. ಇನ್ನೊಂದು ಕಡೆಯಿಂದ ಹೊರಬರುವ ಹೊತ್ತಿಗೆ ಅದು ಆರಿಹೋಗಿರುತ್ತದೆ.

ಮುಖ್ಯಸ್ಥರು ಆಗ ಬೇರೆ ಊರಿನಲ್ಲಿ ಸಭೆಯಲ್ಲಿದ್ದರು. ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದರು. ಹತ್ತು ನಿಮಿಷಕ್ಕೆ ನನಗೆ ಫೋನ್ ಬಂತು.

"ಅವ್ರು ನನ್ನ ಕೋತಿ ಅಂದ್ರು ಕಣಯ್ಯ."

"ಯಾರು ಸರ್?"

"ತೋಟದಮ್ಮ. 'ಸಾಕು ಬುಡ್ಲಾ ಕೋತಿ, ಕೆಲ್ಸ ಐತೆ' ಅಂತ ಇಟ್ಬಿಟ್ರು. ಏನೋ ಬೇಜಾರಾಗಿದೆ. ನೀನೇ ಇಳಿದು ಹೋಗಿ ಹೇಳ್ಬಾ."

ನಗು ತಡೆಯಲು ತುಟಿ ಕಚ್ಚಿಕೊಂಡೆ. ನನ್ನ ಫೋನಿನ ಆಟವನ್ನು ಆಗಲೇ ಹೇಳಿಬಿಡಬೇಕಿತ್ತು. ಇಳಿದೂ ಹೋಗಬೇಕಿತ್ತು. ಆದರೆ ಸಾರಜನಕದ ಕ್ಯಾನು ಕೈಯಲ್ಲಿತ್ತು, ಸೋಮಾರಿತನ ಮೈಯಲ್ಲಿತ್ತು. ಫೋನ್ ಮಾಡಿದೆ. ಅಮ್ಮ "ಅಲೋ" ಎಂದ ಕೂಡಲೇ ಅಭ್ಯಾಸಬಲದಿಂದ ಬಾಯಿಗೆ ಬಂದದ್ದು ಮುಖ್ಯಸ್ಥರ "ಅಮ್ಮಾವ್ರೇ".

"ಒಂದೇ ದಿನ ಎಲ್ಡು ಸತಿಯೇನ್ಲಾ? ಹೋಗತ್ಲಾಗೆ, ಸುಲಿಯೋರ್ ಕಾಯ್ತಾವ್ರೆ" ಎಂದು ಇಟ್ಟೇಬಿಟ್ಟರು. ನಾಳೆ ಹೋದರಾಯಿತು ಎಂದುಕೊಂಡೆ. ಮೊದಲ ಸಂಜೆ ಮೋಡ, ಎರಡನೆಯ ಸಂಜೆಯೂ ಮೋಡ. ಮೋಡವಿದ್ದಾಗ ಹೊಗೆಯ ಚಿಂತೆ ಯಾರಿಗೆ? ಮರೆತೇಬಿಟ್ಟೆ.

ಮೂರನೆಯ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಗುಮ್ಮಟ ತೆರೆದೆ, ನಕ್ಷತ್ರವನ್ನು ಸೀಳುಗಂಡಿಯಲ್ಲಿ ಕೂರಿಸಿದೆ. ಸ್ಪೀಕರಿನಲ್ಲಿ ಅವಳ ಉಸಿರೂ ಕೇಳುತ್ತಿತ್ತು. "ಬಂತು ಸರ್, ಬಂತು!" ಎಂದಳು. ನನ್ನನ್ನು ಸರ್ ಎನ್ನುವವಳು ಅವಳೊಬ್ಬಳೇ. ಐದು ನಿಮಿಷ ಬೆಳಕು ಚೆನ್ನಾಗಿ ಸೇರುತ್ತಿತ್ತು. ಆಮೇಲೆ ಪರದೆಯ ಮೇಲೆ ಬೆಳಕಿನ ಅಳತೆ ತೋರಿಸುವ ಗೆರೆ ಕೆಳಗೆ ಜಾರತೊಡಗಿತು.

"ಸರ್, ಮೋಡ ಬಂತಾ?"

ಹೊರಗೆ ಬಂದು ನೋಡಿದೆ. ಗಾಳಿಯಿಲ್ಲದ ಸಂಜೆ, ಕೊಟ್ಟಿಗೆ ಮುಂದಿನಿಂದ ಎದ್ದ ಹೊಗೆ ತೆಂಗಿನ ತಲೆಗಳ ಮೇಲೆ ಚಾಪೆ ಹಾಸಿದಂತೆ ಮಲಗಿತ್ತು. ಅಮ್ಮನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಬೈಕ್ ಹತ್ತಿ ಇಳಿಜಾರಿನಲ್ಲಿ ಬಿದ್ದಂತೆ ಇಳಿದೆ. "ಅಮ್ಮಾ, ಆರ್ಸಿ, ಆರ್ಸಿ!" ಎಂದು ಕೂಗುತ್ತಾ ದನ ಕುಡಿಯುವ ತೊಟ್ಟಿಯಿಂದ ಎರಡು ಬಕೆಟ್ ನೀರು ಮೊಗೆದು ಸುರಿದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಒದ್ದೆ ಮಟ್ಟೆಯ ಗುಣ ಗೊತ್ತಿರಬೇಕಿತ್ತು. ಹಿಂದಿನ ಹೊಗೆ ತೆಳು ಸೆರಗು. ಈಗ ಎದ್ದದ್ದು ಕಂಬಳಿ.

ಗುಡ್ಡ ಹತ್ತಿ ವಾಪಸು ಬರುವಷ್ಟರಲ್ಲಿ ನಕ್ಷತ್ರ ತೆಂಗಿನ ಗರಿಗಳೊಳಗೆ ಇಳಿದಿತ್ತು. ಹೊಗೆ ಅಡ್ಡ ಬಂತು ಅಂತ ಅವಳಿಗೆ ಹೇಳಿದೆ. ಯಾಕೆ ಅಂತ ಹೇಳಲಿಲ್ಲ.

"ಇರ್ಲಿ ಬಿಡಿ ಸರ್. ಐದು ನಿಮಿಷದ್ದಾದ್ರೂ ಸಿಕ್ತಲ್ಲ" ಎಂದಳು. ದನಿ ನಡುಗದಂತೆ ಜೋಪಾನವಾಗಿ ಆಡಿದಳು. ಮಂದಿಯ ದನಿ ಕದಿಯುವವನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಟಿಕ್. ಗುಮ್ಮಟದೊಳಗೆ ನಿಂತು ಯಾರ ದನಿಯನ್ನಾದರೂ ಆಡೋಣವೆಂದು ಬಾಯಿ ತೆರೆದೆ. ಏನೂ ಬರಲಿಲ್ಲ. ಗುಮ್ಮಟವೂ ಏನನ್ನೂ ವಾಪಸು ಕೊಡಲಿಲ್ಲ.

ಬೆಳಿಗ್ಗೆ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. "ಆ ಹುಡುಗಿಗೆ ನೀನೇ ಹೇಳು. ಅಮ್ಮಂಗೂ ಹೇಳು" ಎಂದರು. ಹುಡುಗಿಗೆ ಪತ್ರ ಬರೆದೆ. ಉತ್ತರ ಇನ್ನೂ ಬಂದಿಲ್ಲ, ಬರಬೇಕೆಂದೂ ಇಲ್ಲ.

ತೋಟಕ್ಕೆ ನಡೆದೇ ಹೋದೆ. ಅಮ್ಮ ಒದ್ದೆ ಮಟ್ಟೆಗಳನ್ನು ಹಿತ್ತಿಲಿಗೆ ಸಾಗಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಮಟ್ಟೆ ತುಂಬಿದ ಮಂಕರಿಯನ್ನು ನೆಲಕ್ಕಿಳಿಸಿದರು. "ಅಯ್ಯೋ, ಆ ಮಗೀನ್ ಕೆಲ್ಸ ಕೆಡ್ತಲ್ಲೋ. ಸಾಹೇಬ್ರುನ್ನ ಕೋತಿ ಅಂದ್ನಲ್ಲೋ."

ತಪ್ಪು ಒಪ್ಪಲು ಹೋದವನು ಅಲ್ಲಿಯೂ ಬಾಯಿ ಮುಚ್ಚಲಿಲ್ಲ. "ಏನ್ ಮಾಡ್ಲಿ ಅಮ್ಮಾ, ಸಾಹೇಬ್ರ ದನೀಲಿ ಫೋನ್ ಮಾಡಿದ್ರೆ ನೀವು ನಗ್ತೀರ, ಉಂಡ್ಯಾ ಅಂತೀರ. ನನ್ ದನೀಲಿ ಮಾಡಿದ್ರೆ ಯಾರ್ ಮಾತಾಡುಸ್ತಾರೆ?"

ಅಮ್ಮ ಮಂಕರಿ ಎತ್ತಿ ಸೊಂಟಕ್ಕಿಟ್ಟುಕೊಂಡರು.

"ಒಂದ್ ದಿನನಾದ್ರೂ ಮಾಡಿ ನೋಡಿದ್ಯೇನ್ಲಾ?"