ಪ್ರಶ್ನೆ ಗುಂಪಿನಲ್ಲಿ, ಉತ್ತರ ತರಗತಿಯಲ್ಲಿ

ರೇಖಾಗಣಿತವನ್ನು ಕಲಿಸುವವರು ಬಹಳ ಮಂದಿ. ಅದನ್ನು ಮಕ್ಕಳು ಮನೆಗೆ ಹೊತ್ತೊಯ್ದು ಊಟದ ಹೊತ್ತಿನಲ್ಲೂ ಕೆದಕುವಂತೆ ಮಾಡುವವರು ವಿರಳ. ಅಂಥ ವಿರಳರಲ್ಲಿ ಒಬ್ಬರಾದ ನಮ್ಮ ಗಣಿತದ ಮೇಷ್ಟ್ರು ನಿವೃತ್ತರಾಗುತ್ತಿದ್ದಾರೆ ಎಂಬುದನ್ನು ನಂಬಲು ಶಾಲೆಯ ಕರಿಹಲಗೆಯೂ ಸಿದ್ಧವಿರಲಾರದು.

ಸೇವೆಯ ಆರಂಭದಲ್ಲಿ ಸೀಮೆಸುಣ್ಣ ಮತ್ತು ಗಂಟಲು, ಇವೆರಡೇ ಅವರ ಆಸ್ತಿ. ಫೋನುಗಳು ಬಂದಾಗ ಸಹೋದ್ಯೋಗಿಗಳೆಲ್ಲ ಮೂಗು ಮುರಿಯುತ್ತಿದ್ದರೂ ತರಗತಿಗೊಂದು ವಾಟ್ಸಾಪ್ ಗುಂಪು ಕಟ್ಟಿದವರು ಅವರೇ. ಆದರೆ ಉತ್ಸಾಹ ಅತಿಯಾಯಿತು. ಗುಂಪಿನಲ್ಲಿ ಪ್ರಶ್ನೆ ಬಿದ್ದದ್ದೇ ತಡ, ಕೈಯಲ್ಲಿನ ತುತ್ತು ಬಾಯಿಗಿಡುವ ಮುಂಚೆಯೇ ಮೇಷ್ಟ್ರ ಉತ್ತರ ಹೋಗುತ್ತಿತ್ತು. ತರಗತಿ ಮೂಕವಾಯಿತು. "ಅನುಮಾನ ಏನಾದ್ರೂ ಇದೆಯೇನ್ರೋ?" ಎಂದರೆ, "ಸಂಜೆ ಗುಂಪಲ್ಲಿ ಕೇಳ್ತೀವಿ ಸಾರ್" ಎನ್ನುತ್ತಿದ್ದರು ಮಕ್ಕಳು. ತಾವೇ ಕಾಲ ಮೇಲೆ ಚಪ್ಪಡಿ ಎಳೆದುಕೊಂಡದ್ದು ಅರಿವಾಗಿ, ಎದುರೆದುರು ನಿಂತು ಕಲಿಸುವ ಸುಖವೇ ಕೈಬಿಟ್ಟು ಹೋಗುತ್ತಿದೆಯಲ್ಲ ಎಂದು ಅವರು ನಿಜಕ್ಕೂ ನೊಂದರು.

ಮರುದಿನವೇ ಕಟ್ಟಳೆ ಬಂತು: ಪ್ರಶ್ನೆ ಗುಂಪಿನಲ್ಲಿ, ಉತ್ತರ ತರಗತಿಯಲ್ಲಿ, ಅದೂ ಕೇಳಿದವರು ಎದ್ದುನಿಂತು ಮತ್ತೆ ಕೇಳಿದರೆ ಮಾತ್ರ. ತರಗತಿಗೆ ಜೀವ ಬಂತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಗುಂಪಿನಿಂದಲೂ ಮಾಯವಾದಳು. ಮಾತು ತೊದಲುತ್ತಿದ್ದ ಅವಳಿಗೆ ಬಾಯಿ ಇದ್ದದ್ದೇ ಅಲ್ಲಿ. "ಸಮಾನಾಂತರ ರೇಖೆಗಳು ಎಲ್ಲೂ ಸೇರಲ್ಲ ಅಂತೀರಲ್ಲ ಸಾರ್, ಕೊನೇವರೆಗೂ ಹೋಗಿ ನೋಡಿದವ್ರು ಯಾರು?" ಎಂದು ಹಿಂದೊಮ್ಮೆ ಬರೆದು, ಮೇಷ್ಟ್ರ ಚುರುಕು ಬೆರಳನ್ನೂ ಸುಮ್ಮನಾಗಿಸಿದ್ದವಳು ಅವಳೇ. ಈಗ ಅವಳ ಮೌನ ಅವರನ್ನು ಕೊರೆಯತೊಡಗಿತು.

ಕಟ್ಟಳೆ ಸಡಿಲಿಸಲು ಅವರಿಗೆ ಬಿಗುಮಾನ ಅಡ್ಡಬರಲಿಲ್ಲ. ಆ ಹಳೆಯ ಪ್ರಶ್ನೆಯನ್ನು ಯಾರ ಹೆಸರೂ ಎತ್ತದೆ ಹಲಗೆಯ ಮೇಲೆ ಬರೆದು, "ಬಾಯಲ್ಲೇ ಕೇಳ್ಬೇಕು ಅಂತೇನಿಲ್ಲ. ಬಂದು ಬರೆದ್ರೂ ಆಯ್ತು" ಎಂದು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಕಿಟಕಿಯತ್ತ ತಿರುಗಿ ನಿಂತರು. ಬಹಳ ಹೊತ್ತಿನ ಮೇಲೆ ಸೀಮೆಸುಣ್ಣ ಕಿರುಗುಟ್ಟಿತು. ತಿರುಗಿ ನೋಡಿದರೆ, ಹುಡುಗಿ ಎರಡು ಸಮಾನಾಂತರ ರೇಖೆಗಳನ್ನು ಎಳೆಯುತ್ತಾ ಹಲಗೆ ಮುಗಿದರೂ ನಿಲ್ಲದೆ, ಗೋಡೆಯ ಮೇಲೆ ಬಾಗಿಲವರೆಗೂ ಹೋಗಿದ್ದಳು. ಮೇಷ್ಟ್ರ ಕಣ್ಣು ತುಂಬಿತು. "ಇನ್ನೂ ಮುಂದೆ ಹೋಗಿ ನೋಡೋಣ ಕಣಮ್ಮ" ಎಂದಷ್ಟೇ ಹೇಳಿದರು. ಆ ವರ್ಷವಿಡೀ ಗೋಡೆ ಒರೆಸಲು ಅವರು ಯಾರನ್ನೂ ಬಿಡಲಿಲ್ಲ.

ಆ ಹುಡುಗಿ ಇಂದು ಅದೇ ಶಾಲೆಯ ಗಣಿತ ಶಿಕ್ಷಕಿ. ಮೇಷ್ಟ್ರ ತರಗತಿಗಳು ಇನ್ನು ಆಕೆಯವೇ. ಮೊನ್ನೆ ಮೇಷ್ಟ್ರು ತರಗತಿಯ ಗುಂಪಿನಿಂದ ಹೊರಹೋಗಲು ಫೋನು ತೆಗೆದದ್ದನ್ನು ಕಂಡು, ತುಂಬಿದ ಸಿಬ್ಬಂದಿ ಕೋಣೆಯಲ್ಲಿ ಆ ಶಿಕ್ಷಕಿ ಎದ್ದುನಿಂತರು. "ಸಾ... ಸಾರ್, ಬಿಡ್ಬೇಡಿ. ನನ್ನ ಪ್ರಶ್ನೆಗೆ ನೀವಿನ್ನೂ ಉ... ಉತ್ತರ ಕೊಟ್ಟಿಲ್ಲ." ಮೇಷ್ಟ್ರು ಫೋನನ್ನು ಜೇಬಿಗೆ ಸೇರಿಸಿದರು.

ಅವರಿಗೆ ದೀರ್ಘಾಯುಸ್ಸೂ ಗಟ್ಟಿ ಮಂಡಿಯೂ ಇರಲಿ. ಗುಂಪಿನಲ್ಲಿ ಪ್ರಶ್ನೆಗಳು ಬೀಳುತ್ತಲೇ ಇರುತ್ತವೆ. ಉತ್ತರ ಕೊಡಲು, ತಾವೇ ಮಾಡಿದ ಕಟ್ಟಳೆಯಂತೆ, ಅವರು ತರಗತಿಗೇ ಬರಬೇಕು.