ಮೊದ್ಲು ಸರಿಯಾಗಿರೋದು ಹೇಳಿ

ಆಕೆ ಹಾಗೆ ಕೇಳುತ್ತಿದ್ದರೆಂದೇ ನನ್ನ ನೆನಪು. ಅಥವಾ ಕೇಳಲೇ ಇಲ್ಲವೇನೋ, ನಾನೇ ಆಮೇಲೆ ಜೋಡಿಸಿಕೊಂಡಿರಬಹುದು. ಯಶವಂತಪುರದ ನಮ್ಮ ಕಾರ್ಖಾನೆಯಲ್ಲಿ ಎಪ್ಪತ್ತರ ದಶಕದ ಕೊನೆಗೆ ಆಕೆ ಕಾರ್ಮಿಕರ ಕಷ್ಟಸುಖ ವಿಚಾರಿಸುವ ವೆಲ್‌ಫೇರ್ ಆಫೀಸರ್. ಜಗಳವಾಡಿ ಬಂದ ಗಂಡ ಹೆಂಡತಿಯನ್ನು ಒಂದೇ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಪೆನ್ನಿಗೆ ಕ್ಯಾಪ್ ಹಾಕಿ ಪಕ್ಕಕ್ಕಿಟ್ಟು, ‘ತಪ್ಪು ಆಮೇಲೆ ಬರ್ಕೊಳ್ತೀನಿ. ಮೊದ್ಲು ಸರಿಯಾಗಿರೋದು ಹೇಳಿ’ ಎನ್ನುತ್ತಿದ್ದರು.

ನನ್ನ ಹೆಂಡತಿ ನನ್ನನ್ನು ಬಿಟ್ಟು ಧಾರವಾಡದ ತವರಿಗೆ ಹೊರಟ ದಿನ, ಸ್ಟೇಷನ್ನಿಗೆ ಹೋಗುವ ಮೊದಲು ನಾವೂ ಅಲ್ಲಿ ಕೂತೆವು. ಅವಳ ಟ್ರಂಕು ಬಾಗಿಲ ಬಳಿ ಇತ್ತು. ಅಷ್ಟು ಮಾತ್ರ ಖಚಿತ.

‘ಅಡಿಗಿ ಛಲೋ ಮಾಡ್ತಾಳ್ರಿ’ ಎಂದೆ.

‘ಅದು ಹೋಟ್ಲಲ್ಲೂ ಸಿಗತ್ತೆ ಕಣ್ರೀ’ ಎಂದು ಆಕೆ ಅವಳತ್ತ ತಿರುಗಿದರು.

‘ನಸುಕಿನ್ಯಾಗ ಹಾಲಿನ ಕ್ಯೂಗೆ ಹೋಗ್ತಾರ್ರಿ’ ಎಂದಳು ನನ್ನ ಹೆಂಡತಿ. ‘ನನಗ ಎಚ್ಚರ ಆಗಬಾರ್ದಂತ ಚಪ್ಪಲಿ ಕೈಯಾಗ ಹಿಡ್ಕೊಂಡು.’

‘ನಿನಗ ಎಚ್ಚರ ಇರ್ತಿತ್ತೇನು?’

‘ದಿನಾ.’

ನಾನು ನೆಲ ನೋಡಿದೆ. ಆಕೆ ನಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ‘ನಾಳೆ ಹಾಲಿಗೆ ಇಬ್ರೂ ಹೋಗಿ. ರೈಲು ನಾಡಿದ್ದೂ ಇರತ್ತೆ’ ಎಂದರು.

ಮರುದಿನ ಇಬ್ಬರೂ ಹೋದೆವು. ಆಕೆಯ ಮನೆಯಲ್ಲಿ ಹಾಲಿಗೆ ಯಾರು ಹೋಗುತ್ತಿದ್ದರೋ, ಕೇಳಬೇಕೆಂದು ನನಗೆ ಯಾವತ್ತೂ ಹೊಳೆಯಲಿಲ್ಲ. ಈಗಲೂ ಗೊತ್ತಿಲ್ಲ.